ಆಸನ ಪರೀಕ್ಷಾ ಸಮಿತಿಯ ರವಿವಾರಗಳು

ಮುಂಬಯಿಯ ಸಯನ್ನಿನಲ್ಲಿರುವ ನಮ್ಮ ಬಿಲ್ಡಿಂಗಿನ ಗೇಟಿಗೆ ಪ್ರತಿ ರವಿವಾರ ಬೆಳಿಗ್ಗೆ ಒಂದು ಹೊಚ್ಚಹೊಸ ಕಾರು ಬಂದು ನಿಲ್ಲುತ್ತದೆ. ಅದು ನಮ್ಮದಲ್ಲ. ಬಿಲ್ಡಿಂಗಿನ ಯಾರದೂ ಅಲ್ಲ. ಆದರೂ ವಾಚ್‌ಮನ್ ಎದ್ದು ಸಲಾಂ ಹೊಡೆಯುತ್ತಾನೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮಂದಿ ಅದರಲ್ಲಿ ಕೂಡುತ್ತಾರೆ, ಕಾರು ಹೊರಡುತ್ತದೆ. ಏನಾಗಿರಬಹುದು, ಊಹಿಸಿ ನೋಡೋಣ. ಲಗ್ನವೇ? ಅಲ್ಲ. ಇಲೆಕ್ಷನ್ನೇ? ಅಲ್ಲ. ನಮ್ಮ ಪೈಕಿ ಯಾರಾದರೂ ಮಂತ್ರಿಯಾದರೇ? ಅದೂ ಅಲ್ಲ, ಆಗಿದ್ದರೆ ಕಾರು ಬರೀ ರವಿವಾರ ಬರುತ್ತಿರಲಿಲ್ಲ. ಸೋತಿರಾ? ಸರಿ, ನಾನೇ ಹೇಳುತ್ತೇನೆ. ನಿವೃತ್ತನಾದ ಮೇಲೆ ಇಷ್ಟು ಖುಷಿಯಿಂದ ಹೇಳುವಂಥ ಸಂಗತಿ ನನಗೆ ಇನ್ನೊಂದು ಸಿಕ್ಕಿಲ್ಲ.

ಹೋದ ವರ್ಷ ಹೋಳಿಹುಣ್ಣಿಮೆಯ ಹೊತ್ತಿಗೆ ಗೋರೆಗಾಂವಿನಲ್ಲಿರುವ ನಮ್ಮ ಮಗಳು ಶೀತಲ್‌ಗೆ ಎರಡನೇ ಕೂಸು ಹುಟ್ಟಿತು. ಹೆಣ್ಣು. ನನ್ನ ಹೆಂಡತಿ ಇಂದ್ರಾಬಾಯಿಯ ಮೊಣಕಾಲು ಸ್ಟೇಶನ್ನಿನ ಮೆಟ್ಟಿಲು ಒಪ್ಪುವುದಿಲ್ಲ, ಲೋಕಲ್ಲಿನ ನೂಕಾಟವಂತೂ ದೂರದ ಮಾತು. ಹೀಗಾಗಿ ಮಗ ಅಮಿತ ಕಾರು ಕೊಳ್ಳಲು ನಿಶ್ಚಯಿಸಿದ. ಅವ್ವ ಬೇಕಾದಾಗ ಗೋರೆಗಾಂವಿಗೆ ಹೋಗಿ ಮೊಮ್ಮಗಳನ್ನು ಎತ್ತಿಕೊಂಡು ಬರಲಿ ಎಂಬುದೊಂದೇ ಉದ್ದೇಶ. ಕಾರು ಬರುವುದೇ ಇದೆ ಎಂದ ಮೇಲೆ ಟ್ಯಾಕ್ಸಿ ಮಾಡಿ ಹೋಗುವುದು ಮೂರ್ಖತನವೆಂದು ಮನೆಯವರೆಲ್ಲ ಒಪ್ಪಿದೆವು. ಇಂದ್ರಾಬಾಯಿಯೂ ಒಪ್ಪಿದಳು. ಹಳೆಯ ಇಳಕಲ್ಲ ಸೀರೆಗಳನ್ನು ತೆಗೆದು ಕೂಸಿಗೊಂದು ಸಣ್ಣ ಕೌದಿ ಹೊಲಿಯಲು ಕೂತಳು.

ಕಾರಿನ ಕಂಪನಿ, ಬಣ್ಣ, ಗೇರು ಎಲ್ಲ ಒಂದೇ ಸಂಜೆಯಲ್ಲಿ ತೀರ್ಮಾನವಾದವು. ಆಮೇಲೆ ಅಮಿತ ಜಿನೆಯ ಮೆಟ್ಟಿಲ ಮೇಲೆ ನಿಂತು, ಬಾಗಿಲು ತೆಗೆದಿರುವಾಗಲೇ, ಗಟ್ಟಿಯಾಗಿ ಕೇಳಿದ: "ಬಾಬಾ, ಸೀಟ್ಸ್ ಲೆದರ್ ಹಾಕ್ಸೋದಾ ಕ್ಲಾಥ್ ಹಾಕ್ಸೋದಾ? ಜಲ್ದಿ ಬೋಲೋ, ನಾಳೆ ಬುಕ್ಕಿಂಗ್ ಮಾಡ್ತೀನಿ."

ಕೆಳಗಿನ ಮಜಲೆಯಲ್ಲಿ ನಮ್ಮ ಸೊಸಾಯಿಟಿಯ ಸೆಕ್ರೆಟರಿ ಶರಣಬಸಪ್ಪ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಚಪ್ಪಲಿ ಬಿಟ್ಟು ಮೇಲೆ ಬಂದರು.

"ನಾಳೆ ಬುಕ್ಕಿಂಗ ಹೆಂಗ ಮಾಡ್ತಿಯಪಾ? ಪಾರ್ಕಿಂಗ ಯಾರು ಕೊಡಾವ್ರು? ನಮ್ಮ ಕಂಪೌಂಡಿನ್ಯಾಗ ಎಂಥಾ ಸೀಟಿನ ಗಾಡಿ ನಿಲ್ಲಬೇಕು ಅನ್ನೂದು ಸೊಸಾಯಿಟಿಯ ವಿಚಾರ. ನಾಲ್ಕು ಮಂದಿ ಕೂತು ವಿಚಾರ ಮಾಡೂಣು."

ಇದರಲ್ಲಿ ತಪ್ಪೇನೂ ಇಲ್ಲ. ನಾನು ಸರಕಾರಿ ಕಚೇರಿಯಲ್ಲಿ ಸುಪರಿಂಟೆಂಡೆಂಟ್ ಆಗಿದ್ದವನು. ನಾಲ್ಕು ಮಂದಿ ಕೂತು ವಿಚಾರ ಮಾಡದೆ ನಾವು ಒಂದು ಪಂಖಾ ಸಹ ತಿರುಗಿಸಿದವರಲ್ಲ. ಅಂದೇ ಸಂಜೆ 'ಆಸನ ಪರೀಕ್ಷಾ ಸಮಿತಿ' ಅಸ್ತಿತ್ವಕ್ಕೆ ಬಂತು. ಅನುಭವದ ದೃಷ್ಟಿಯಿಂದ ನಾನು ಅಧ್ಯಕ್ಷ. ಪಾರ್ಕಿಂಗಿನ ದೃಷ್ಟಿಯಿಂದ ಶರಣಬಸಪ್ಪ ಕಾರ್ಯದರ್ಶಿ. ಖಜಾಂಚಿ ಭೀಮರಾಯರು ವಿಜಯಪುರದ ಕಡೆಯ ಕಿರಾಣಿ ವ್ಯಾಪಾರಿ. ಅವರಿಗೆ ಕೆಲಸವೇನೂ ಇರಲಿಲ್ಲವಾದರೂ ಖಜಾಂಚಿಯಿಲ್ಲದ ಸಮಿತಿ ಶೋಭಿಸುವುದಿಲ್ಲ. ಚರ್ಮದ ಮೇಲೆ ಕೂತು ಪ್ರಸಾದ ತಿನ್ನಬಹುದೇ ಎಂಬ ಸೂಕ್ಷ್ಮ ಪ್ರಶ್ನೆ ಎದ್ದದ್ದರಿಂದ, ನಮ್ಮ ಮನೆಗಳಲ್ಲಿ ಪೂಜೆ ಮಾಡಿಸುವ ಅಯ್ಯನೋರು ಚನ್ನಬಸಯ್ಯನವರನ್ನು ಧಾರ್ಮಿಕ ಸದಸ್ಯರೆಂದು ಸೇರಿಸಿಕೊಂಡೆವು.

ಇಂದ್ರಾಬಾಯಿ ಚಹಾ ತಂದಿಟ್ಟು ಕೇಳಿದಳು: "ಕಾರ್ನ್ಯಾಗ ಕುಂಡ್ರಾಕಿ ನಾನು. ಸಮಿತ್ಯಾಗ ನಾ ಇಲ್ಲೇನ್ರಿ?"

ಶರಣಬಸಪ್ಪ ಆಕೆಗೆ ಸಮಾಧಾನವಾಗಿ ವಿವರಿಸಿದರು. "ವೈನಿ, ನೀವು ಫಲಾನುಭವಿ. ಫಲಾನುಭವಿ ಸಮಿತ್ಯಾಗ ಇದ್ರ ನಿರ್ಣಯ ನಿಷ್ಪಕ್ಷಪಾತ ಆಗಂಗಿಲ್ಲ. ನಿಮಗ ಸೀಟು ಮೆತ್ತಗ ಬೇಕಂತ ಅನಸ್ತೈತಿ. ನಮಗ ಹಂಗೇನೂ ಸ್ವಾರ್ಥ ಇಲ್ಲ."

ಇದನ್ನೇ ಸಮಿತಿ ತನ್ನ ಮೊದಲ ನಿಯಮವಾಗಿ ಅಂಗೀಕರಿಸಿತು: ಯಾರ ಸಲುವಾಗಿ ವಾಹನ ಕೊಳ್ಳಲಾಗುತ್ತಿದೆಯೋ ಅವರು ಸದರಿ ವಾಹನದ ಪರೀಕ್ಷೆಯಲ್ಲಿ ಪಾಲ್ಗೊಳ್ಳತಕ್ಕದ್ದಲ್ಲ.

ಶೋರೂಮಿಗೆ ಫೋನು ಮಾಡಿದೆವು. ಅಲ್ಲಿಂದ ಸ್ನೇಹಲ್ ಎಂಬ ಹುಡುಗಿ ಟೆಸ್ಟ್ ಡ್ರೈವಿನ ಕಾರನ್ನು ತಾನೇ ಓಡಿಸಿಕೊಂಡು ಬಂದಳು. ಸೊಲ್ಲಾಪುರದವಳು, ಅಜ್ಜಿ ಕನ್ನಡದವಳಂತೆ. ಹಾಗಾಗಿ ಅರ್ಧ ಕನ್ನಡ, ಅರ್ಧ ಮರಾಠಿ, ನಡುವೆ ಜಾಗ ಸಿಕ್ಕಲ್ಲಿ ಇಂಗ್ಲಿಷು. ಮೊದಲ ರವಿವಾರ ಚರ್ಮದ ಸೀಟಿನ ಕಾರು. ಎಲ್ಲಿಗೆ ಹೋಗುವುದು? ಭೀಮರಾಯರಿಗೆ ಮಲಾಡಿನ ಮಾರ್ಕೆಟ್ಟಿನಲ್ಲಿ ಒಣಮೆಣಸಿನಕಾಯಿ ನೋಡುವುದಿತ್ತು. ಅಯ್ಯನೋರಿಗೆ ಅಲ್ಲೇ ಹತ್ತಿರ ಒಂದು ಗೃಹಪ್ರವೇಶವಿತ್ತು. ಪರೀಕ್ಷೆಗೆ ದೂರದ ಪ್ರಯಾಣವೇ ಯೋಗ್ಯವೆಂದು ತೀರ್ಮಾನಿಸಿ ಮಲಾಡಿಗೆ ಹೋದೆವು.

ಹಿಂದಿನ ಸೀಟಿನಲ್ಲಿ ಮೆಣಸಿನಕಾಯಿ ಚೀಲ ತೊಡೆಯ ಮೇಲಿಟ್ಟುಕೊಂಡು ಬರುವಾಗ ಶರಣಬಸಪ್ಪ ಹೇಳಿದರು: "ಚರ್ಮ ಛಲೋ ಐತಿ. ಆದ್ರ ಬಟ್ಟಿ ನೋಡದ ಹೆಂಗ ಹೇಳೂದು?"

ನ್ಯಾಯವಾದ ಮಾತು. ಮುಂದಿನ ರವಿವಾರ ಬಟ್ಟೆಯ ಸೀಟಿನ ಕಾರು ಬಂತು. ಶರಣಬಸಪ್ಪನವರ ಷಡ್ಡಕರನ್ನು ಕಾಣಲು ಹೋದೆವು. ವಾಪಸು ಬಂದಾಗ ನಾನು ಅಧ್ಯಕ್ಷನಾಗಿ ಅಭಿಪ್ರಾಯ ಕೇಳಿದೆ.

"ಬಟ್ಟಿನೂ ಛಲೋ ಐತಿ," ಎಂದರು ಭೀಮರಾಯರು. "ಆದ್ರ ಹೋದ ವಾರದ್ದು ಹೆಂಗಿತ್ತು ಅನ್ನೂದ ಈಗ ನೆನಪಿಲ್ಲ ನೋಡ್ರಿ."

ಯಾರಿಗೂ ನೆನಪಿರಲಿಲ್ಲ. ಮನುಷ್ಯನ ಬೆನ್ನಿಗೆ ಸ್ಮರಣಶಕ್ತಿ ಒಂದು ವಾರಕ್ಕಿಂತ ಹೆಚ್ಚು ಇರುವುದಿಲ್ಲವೆಂಬ ಸಂಗತಿ ಆಗ ಬೆಳಕಿಗೆ ಬಂತು. ಆದ್ದರಿಂದ ಮತ್ತೆ ಚರ್ಮ. ಅದಾದ ಮೇಲೆ ಬಟ್ಟೆ ಮರೆತಿರುತ್ತಿತ್ತು. ಆದ್ದರಿಂದ ಮತ್ತೆ ಬಟ್ಟೆ.

ಈ ನಡುವೆ ಸ್ನೇಹಲ್ ಒಂದು ಮಾತು ಹೇಳಿಬಿಟ್ಟಳು. "ಅಂಕಲ್, ಖರಂ ಸಾಂಗೂ, ಖರೇ ಹೇಳ್ಲಾ? ಇದು ಅಸಲಿ ಚರ್ಮ ಅಲ್ಲ. ಪ್ಲಾಸ್ಟಿಕ್ ಟೈಪ್ ಇರ್ತದ."

ಚರ್ಮವೇ ಅಲ್ಲದ ಮೇಲೆ ಧಾರ್ಮಿಕ ಪ್ರಶ್ನೆಯೂ ಇಲ್ಲ, ಧಾರ್ಮಿಕ ಸದಸ್ಯರ ಜಾಗವೂ ಇಲ್ಲ. ಅಯ್ಯನೋರಿಗೆ ಬರುವ ವಾರ ಘಾಟಕೋಪರಿನಲ್ಲಿ ಒಂದು ನಾಮಕರಣವಿತ್ತು. ಅವರು ಕಣ್ಣು ಮುಚ್ಚಿ ಕೂತು, ಕಣ್ಣು ತೆರೆದು ಹೇಳಿದರು: "ನೋಡಾಕ ಚರ್ಮದಂಗ ಐತಿ ಅಂದ ಮ್ಯಾಲ ದೋಷಾನೂ ಚರ್ಮದಂಗ ಇರ್ತೈತಿ. ಇದು ಇನ್ನೂ ಸೂಕ್ಷ್ಮ. ಭಾಳ ಸಲ ಕೂತು ನೋಡಬೇಕಾಗ್ತದ." ಅವರ ವಿದ್ವತ್ತಿಗೆ ನಾವು ತಲೆಬಾಗಿದೆವು.

ಜೂನ್ ಬಂತು. ಒದ್ದೆ ಛತ್ರಿಯಿಂದ ಯಾವ ಸೀಟು ಹೆಚ್ಚು ಹಾಳಾಗುತ್ತದೆಂದು ಪರೀಕ್ಷಿಸದೆ ಮುಂಬಯಿಯಲ್ಲಿ ಕಾರು ಕೊಳ್ಳುವುದು ಹೇಗೆ? ಹೀಗೆ ಎರಡನೇ ನಿಯಮ ಹುಟ್ಟಿತು: ಆಸನಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲ ಮೂರರಲ್ಲೂ ಪರೀಕ್ಷಿಸತಕ್ಕದ್ದು. ಮಳೆ ಮುಗಿಯಿತು. ಚಳಿಗಾಲಕ್ಕೆ ಕಾದೆವು. ಮುಂಬಯಿಗೆ ಚಳಿಗಾಲ ಬರಲಿಲ್ಲ. ಈ ಕುರಿತು ಸಮಿತಿ ತನ್ನ ವಿಷಾದವನ್ನು ವ್ಯಕ್ತಪಡಿಸಿ, ಬಂದ ಕೂಡಲೇ ಕ್ರಮ ಕೈಕೊಳ್ಳುವುದಾಗಿ ಠರಾವು ಮಾಡಿತು.

ಅತ್ತ ಗೋರೆಗಾಂವಿನಲ್ಲಿ ಕೂಸು ಮಗ್ಗುಲಾಯಿತು, ಬೋರಲು ಬಿತ್ತು, ತೆವಳಿತು. ಇಂದ್ರಾಬಾಯಿ ಇದನ್ನೆಲ್ಲ ಮೊಬೈಲಿನಲ್ಲಿ ನೋಡಿದಳು. ಕೌದಿ ಸಣ್ಣದಾಯಿತೆಂದು ಅಂಚಿಗೊಂದು ಪಟ್ಟಿ ಹಚ್ಚಿದಳು. ಕೂಸು ಅಂಬೆಗಾಲಿಕ್ಕಿದಾಗ ಇನ್ನೊಂದು ಪಟ್ಟಿ. ಗೋಡೆ ಹಿಡಿದು ನಿಂತಾಗ ಮತ್ತೊಂದು.

ಒಂದು ರವಿವಾರ ಮಲಾಡಿನಿಂದ ಬರುವಾಗ ಎಲ್ಲರಿಗೂ ಚಹಾದ ನೆನಪಾಯಿತು; ದಾರಿಯಲ್ಲೇ ಶೀತಲ್ ಮನೆ. ಹೋಗಿ ಕೂತು, ಚಹಾ ಕುಡಿದು, ಚೂಡಾ ತಿಂದು ಬಂದೆವು. ಈ ಸಂತೋಷದ ಸುದ್ದಿಯನ್ನು ಮನೆಯಲ್ಲಿ ನಾನೇ ಹೇಳಿದೆ.

ಇಂದ್ರಾಬಾಯಿಯ ಸೂಜಿ ನಿಂತಿತು. "ಅಂದ್ರ ನಿಮ್ಮ ಸಮಿತಿ ನನ್ನ ಮೊಮ್ಮಗಳನ್ನ ನೋಡಿ ಬಂತು?"

"ನೋಡಿತು. ಕೂಸು ಚಂದ ಐತಿ ಅಂತ ಸರ್ವಾನುಮತದಿಂದ ಅಭಿಪ್ರಾಯ ಆತು."

"ಎತ್ತಿಗೊಂಡ್ರೇನು?"

"ಅಯ್ಯನೋರು ಎತ್ತಿಗೊಂಡ್ರು. ಅಳಲಿಲ್ಲ."

ಆಕೆ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಅಡಿಗೆಮನೆಗೆ ಹೋದಳು. ಆ ರಾತ್ರಿ ರೊಟ್ಟಿ ಸ್ವಲ್ಪ ದಪ್ಪವಾಗಿದ್ದವು; ಹಿಟ್ಟಿನ ದೋಷವಿರಬಹುದು.

ಇಷ್ಟು ತಿಂಗಳು ಕಾರು ಕೊಳ್ಳದೆ ಕಾರಿನಲ್ಲಿ ತಿರುಗಿದರೆ ಶೋರೂಮಿನವರು ಸುಮ್ಮನಿರುತ್ತಾರೆಯೇ ಎಂದು ನೀವು ಕೇಳಬಹುದು. ಶರಣಬಸಪ್ಪನವರಿಗೂ ಆ ಭಯವಿತ್ತು. ಒಮ್ಮೆ ಕೇಳಿಯೇಬಿಟ್ಟರು: "ಸ್ನೇಹಲ್ ಬಾಯಿ, ನಿಮ್ಮ ಮ್ಯಾನೇಜರ್ ಏನಂತಾರ?"

"ಸರ್ ಲೈ ಖುಷ್ ಆಹೇತ ಅಂಕಲ್! ಗಾಡಿ ಮಾರಿದ್ರ ಒಂದೇ ಸಲ. ಮ್ಯಾಲಿನವ್ರು ಕೇಳೋದು ಟೆಸ್ಟ್ ಡ್ರೈವ್ ಎಷ್ಟು ಆತು ಅಂತ. ತುಮ್ಹಿ ಡಿಸಿಷನ್ ಘೇವೂ ನಕಾ ಹಂ, ತಗೋಬ್ಯಾಡ್ರಿ ಪ್ಲೀಸ್. ನೀವು ಗಾಡಿ ತಗೊಂಡ್ರ ಫಸ್ಟ್ ಇರೋ ನಮ್ಮ ಬ್ರ್ಯಾಂಚು ಸೆಕೆಂಡ್ ನಂಬರಿಗೆ ಇಳೀತದ."

ನಮಗೆ ಹೆಮ್ಮೆಯೆನಿಸಿತು. ಒಂದು ಸಂಸ್ಥೆಯ ಉನ್ನತಿಗೆ ನಾಲ್ಕು ಜನ ವೃದ್ಧರು ಇಷ್ಟು ಕಾರಣರಾಗುವುದು ಸಣ್ಣ ಮಾತಲ್ಲ. ಅಮಿತ ಒಮ್ಮೆ, "ಬಾಬಾ, ಯಾವುದಾದ್ರೂ ಒಂದು ಫೈನಲ್ ಕರೋ ನಾ," ಎಂದ. ನಿರ್ಣಯ ಪ್ರಗತಿಯಲ್ಲಿದೆ ಎಂದು ತಿಳಿಸಿದೆ. ಅವನೂ ಆಫೀಸಿನ ಬಸ್ಸಿಗೆ ರೂಢಿಯಾಗಿದ್ದ.

ಹೀಗೆ ಜನವರಿ ಬಂತು. ಗಣರಾಜ್ಯೋತ್ಸವ ಈ ವರ್ಷ ರವಿವಾರವೇ ಬಿದ್ದಿತ್ತು. ಕಂಪೌಂಡಿನಲ್ಲಿ ಧ್ವಜ ಏರಿಸಿದೆವು, ಶರಣಬಸಪ್ಪ ಹಕ್ಕು ಮತ್ತು ಕರ್ತವ್ಯಗಳ ಬಗ್ಗೆ ಮಾತಾಡಿದರು, ಜಿಲೇಬಿ ಹಂಚಿದರು. ಸ್ನೇಹಲ್ ಚರ್ಮದ ಕಾರು ತಂದು ಗೇಟಿನಲ್ಲಿ ನಿಲ್ಲಿಸಿದಳು. ಭೀಮರಾಯರು ಜಿಲೇಬಿ ಕೈಯಲ್ಲೇ ಹಿಡಿದು ಹೊರಟರು. ಆದರೆ ಮುಂದಿನ ಸೀಟಿನಲ್ಲಿ ಆಗಲೇ ಯಾರೋ ಕೂತಿದ್ದರು.

ಇಂದ್ರಾಬಾಯಿ. ಕಾಟನ್ ಅಲ್ಲ, ರೇಶ್ಮೆ ಇಳಕಲ್ಲ ಉಟ್ಟಿದ್ದಳು. ಸೀಟಿನ ಮೇಲೆ, ಬೆನ್ನಿನಿಂದ ಮೊಣಕಾಲಿನವರೆಗೆ, ಆ ಕೌದಿಯನ್ನು ಹಾಸಿಕೊಂಡಿದ್ದಳು. ಪಟ್ಟಿ ಹಚ್ಚಿ ಹಚ್ಚಿ ಅದು ಸೀಟಿನ ಅಳತೆಗೆ ಸರಿಯಾಗಿ ಬಂದಿತ್ತು.

"ವೈನಿ," ಎಂದರು ಶರಣಬಸಪ್ಪ, "ಮೊದಲನೇ ನಿಯಮ..."

"ನಿಯಮ ನಿಮ್ಮ ಸಮಿತಿಗೆ ಅಣ್ಣಾರ. ನಾ ಸಮಿತಿಯಾಕಿ ಅಲ್ಲ. ನಾ ಹೊಸಾ ಗಿರಾಕಿ. ಶೋರೂಮಿಗೆ ನಾನ ಫೋನ್ ಮಾಡೇನಿ. ನನಗೂ ಚರ್ಮೋ ಬಟ್ಟೀನೋ ತಿಳೀವಲ್ದು."

"ಹೊಸಾ ಕಸ್ಟಮರ್ ಮಣಜೆ ಡಬಲ್ ಪಾಯಿಂಟ್!" ಎಂದು ಸ್ನೇಹಲ್ ಗೇರು ಹಾಕಿದಳು. ಕಾರು ಹೋಯಿತು. ಧ್ವಜದ ಕೆಳಗೆ ನಾವು ನಾಲ್ವರು, ಕೈಯಲ್ಲಿ ಜಿಲೇಬಿ.

ಸಂಜೆ ಆಕೆ ವಾಪಸು ಬಂದಾಗ ಸಮಿತಿ ತುರ್ತು ಸಭೆ ಸೇರಿತ್ತು. ಕುರ್ಚಿ ಕೊಟ್ಟು ಕೂಡಿಸಿದೆವು. ಅಧ್ಯಕ್ಷನಾಗಿ ನಾನೇ ಕೇಳಿದೆ: "ಸೀಟು ಹೆಂಗಿತ್ತು?"

"ಯಾವ ಸೀಟು?" ಎಂದಳು. "ಹೋಗಬೇಕಾದ್ರ ಕೂಸಿನ ಸಲುವಾಗಿ ಕುತ್ತಿಗಿ ಹೊರಗ ಚಾಚಿ ಕುಂತಿದ್ದೆ. ಅಲ್ಲಿ ನನ್ನ ಸೆರಗ ಹಿಡದು ನಿಂತ್ಲರಿ ಆಕಿ! ಗುರ್ತ ಹಿಡದ್ಲು! ಬರಬೇಕಾದ್ರ ಅಳೂಕತ್ತಿದ್ದೆ. ಸೀಟಿನ ಕಡೆ ಯಾರು ನೋಡ್ತಾರ?"

ಭೀಮರಾಯರು ಮೂಗು ಒರೆಸಿಕೊಂಡರು. ಅಯ್ಯನೋರು ಛಾವಣಿ ನೋಡಿದರು. ಶರಣಬಸಪ್ಪ ಮಾತ್ರ ಕರ್ತವ್ಯ ಮರೆಯಲಿಲ್ಲ. "ಕೌದಿ ಹಾಸಿ ಕೂತಿದ್ರಿ. ಅಂದ್ರ ಚರ್ಮದ ಮ್ಯಾಲೂ ಕೂತಂಗಾಗ್ಲಿಲ್ಲ, ಬಟ್ಟಿ ಸೀಟಿನ ಮ್ಯಾಲೂ ಕೂತಂಗಾಗ್ಲಿಲ್ಲ. ಈ ಪರೀಕ್ಷೆ ಊರ್ಜಿತ ಅಲ್ಲ."

"ಹಂಗಾರ?"

"ಮತ್ತ ಹೋಗಬೇಕಾಗ್ತೈತಿ ವೈನಿ."

ಇಂದ್ರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಕೆಯ ಮುಖದಲ್ಲಿ ನಾನು ಮೊದಲ ಬಾರಿಗೆ ಒಬ್ಬ ಹಿರಿಯ ಅಧಿಕಾರಿಯ ಗಾಂಭೀರ್ಯ ಕಂಡೆ.

"ಆತು. ಬರೂ ರವಿವಾರ ಬಟ್ಟಿ ಸೀಟು ನೋಡ್ತೀನಿ. ಆದ್ರ ಕೌದಿ ಇಲ್ಲದ ನನಗ ಕುಂಡ್ರಾಕ ಆಗಂಗಿಲ್ಲ. ನಡು ನೂಸ್ತೈತಿ."

ಸಮಿತಿ ಇದನ್ನು ಪರಿಶೀಲಿಸಿತು. ಕೌದಿ ಇರುವತನಕ ಪರೀಕ್ಷೆ ಊರ್ಜಿತವಾಗುವುದಿಲ್ಲ. ಊರ್ಜಿತವಾಗುವತನಕ ಪರೀಕ್ಷೆ ನಿಲ್ಲಿಸುವಂತಿಲ್ಲ. ಇಷ್ಟು ನಿರ್ದೋಷವಾದ ವ್ಯವಸ್ಥೆ ನನ್ನ ಇಡೀ ನೌಕರಿಯಲ್ಲಿ ನಾನು ಕಂಡಿರಲಿಲ್ಲ. ಈಗ ಬೆಳಿಗ್ಗೆ ಆಕೆ ಗೋರೆಗಾಂವಿಗೆ ಹೋಗುತ್ತಾಳೆ, ಹಿಂದಿನ ಸೀಟಿನಲ್ಲಿ ನಮ್ಮಲ್ಲಿ ಮೂವರು ಸರದಿಯ ಪ್ರಕಾರ ಮಲಾಡಿನತನಕ ಹೋಗುತ್ತೇವೆ. ಸ್ನೇಹಲ್‌ಗೆ ಬಡ್ತಿಯಾಯಿತು. ಶೋರೂಮಿನವರು ನಮ್ಮ ಸೊಸಾಯಿಟಿಗೆ 'ಆದರ್ಶ ಗ್ರಾಹಕ' ಎಂಬ ಫಲಕ ಕೊಟ್ಟರು. ನಾವು ಕೊಳ್ಳದೇ ಇರುವ ಕಾರಿಗೆ ಶರಣಬಸಪ್ಪ ಮೀಸಲಿಟ್ಟ ಪಾರ್ಕಿಂಗ್ ಜಾಗದ ಗೋಡೆಗೇ ಅದನ್ನು ಹಾಕಿದ್ದೇವೆ. ಎರಡನೇ ಮಜಲೆಯ ಮನೆಯವರು ಕೂಡ ಈಗ ಕಾರು ಕೊಳ್ಳುವ ವಿಚಾರದಲ್ಲಿದ್ದಾರೆ. ಅವರಿಗೆ ಬಣ್ಣ ಬಿಳಿಯೋ ಕಪ್ಪೋ ತಿಳಿಯುತ್ತಿಲ್ಲವಂತೆ, ಅವರ ಮಗಳ ಮನೆ ಇರುವುದು ಠಾಣೆ ಶಹರದಲ್ಲಿ.

ಮೊಮ್ಮಗಳು ಈಗ ಕಾರಿನ ಹಾರ್ನ್ ಕೇಳಿದರೆ ಬಾಗಿಲಿಗೆ ಓಡಿ ಬರುತ್ತಾಳೆ. ಕೌದಿಗೆ ಇನ್ನೊಂದು ಪಟ್ಟಿ ಏರಿದೆ. ನಿರ್ಣಯ ಮಾತ್ರ ಆಗಿಲ್ಲ, ಆಗುವ ಭಯವೂ ಇಲ್ಲ. ಇಷ್ಟೆಲ್ಲ ಸುಖ ನಮ್ಮ ಪಾಲಿಗೆ ಕಾಯಂ ಆದ ದಿನವನ್ನು ನಾನು ಮರೆಯುವವನಲ್ಲ, ನೀವೂ ಗುರುತಿಟ್ಟುಕೊಳ್ಳಿ: ೨೦೨೫ನೆಯ ಇಸವಿ, ಜನವರಿ ೨೬, ರವಿವಾರ.