ಮಂಡಕ್ಕಿ ಭಟ್ಟಿಯಲ್ಲಿ ಹಿಂದಕ್ಕೆ ನಡೆದ ಕವಚ

೨೦೨೫ರ ಅಕ್ಟೋಬರ್ ಒಂದನೇ ತಾರೀಖು, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಆಯುಧಪೂಜೆ. ದಾವಣಗೆರೆಯ ಸ್ಕೂಟರು, ಲಾರಿ, ಹಿಟ್ಟಿನ ಗಿರಣಿಗಳೆಲ್ಲ ಚೆಂಡುಹೂವಿನ ಮಾಲೆ ಹಾಕಿಕೊಂಡು ಮದುಮಕ್ಕಳಂತೆ ನಿಂತಿದ್ದವು. ಆ ಹೊತ್ತಿನಲ್ಲಿ ಬಕ್ಕೇಶ ಮಾತ್ರ ಒಂದು ಹಳೆಯ ಮಂಡಕ್ಕಿ ಭಟ್ಟಿಯೊಳಗೆ ಬನಿಯನ್ನು ಚಡ್ಡಿಯಲ್ಲಿ ಎರಡೂ ಕೈ ಚಾಚಿ ನಿಂತಿದ್ದ. ಹೆಂಡತಿಯ ಅಣ್ಣ ವಾಗೀಶ ಅವನಿಗೆ ಕವಚ ತೊಡಿಸುತ್ತಿದ್ದ.

"ಉಸಿರು ಒಳಗ ಎಳ್ಕಳ್ರಿ ಬಕ್ಕೇಶಪ್ಪ! ಇನ್ನೊಂದೇ ಬೋಲ್ಟು!"

"ಎಳ್ಕಂಡೀನಿ ಭಾವ. ಬಿಡಾಕೆ ಯಾವಾಗ ಹೇಳ್ತೀರಿ?"

"ಹೋದ ತಿಂಗಳು ಅಳತೆ ತಗಂಡಾಗ ಸರಿಯಾಗೇ ಇತ್ತಲ್ರಿ!"

"ಅವತ್ತು ಉಪವಾಸ ಇದ್ದೆ. ಇವತ್ತು ಮೂರು ಬೆಣ್ಣೆ ದೋಸೆ ತಿಂದು ಬಂದೀನಿ."

ವಾಗೀಶ ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಅಷ್ಟಕ್ಕೇ ನಿಂತಿದ್ದರೆ ಊರಿಗೆ ಒಳ್ಳೆಯದಿತ್ತು. ಆದರೆ ಅವನಿಗೆ ಯಂತ್ರ ಕಂಡುಹಿಡಿಯುವ ಹುಚ್ಚು. ಸಂಜೆ ಊರಿನಲ್ಲಿ ಭವಿಷ್ಯದ ವೇಷಗಳ ಮೇಳವಿತ್ತು. ಅದಕ್ಕೆಂದೇ ಅವನು ಕ್ರಿಸ್ತಶಕ ಮೂರು ಸಾವಿರದ ಸೈನಿಕನ ಕವಚವನ್ನು ಕಟ್ಟಿದ್ದ. ಹೊರಗಡೆ ಚಪ್ಪಲಿಯ ಅಟ್ಟೆಗೆ ಹಾಕುವ ಫೋಮು, ಅದರ ಮೇಲೆ ಬೆಳ್ಳಿಬಣ್ಣ. ದೂರದಿಂದ ನೋಡಿದರೆ ಉಕ್ಕು, ಹತ್ತಿರ ಹೋದರೆ ರಬ್ಬರಿನ ವಾಸನೆ. ಒಳಗಡೆ ಮಾತ್ರ ನಿಜವಾದ ಕಬ್ಬಿಣದ ಚೌಕಟ್ಟು, ಕಾರಿನ ವೈಪರ್ ಮೋಟಾರು, ಮೊಣಕಾಲಿಗೆ ಎರಡು ಲಾರಿ ಜಾಕು.

"ಲಾರಿ ಜಾಕು ಯಾಕೆ ಭಾವ?"

"ಸೈನಿಕ ಅಂದ್ರೆ ಮೊಣಕಾಲು ಗಟ್ಟಿ ಇರಬೇಕು ನೋಡ್ರಿ. ಅದು ಬಿಡ್ರಿ, ನಿಜವಾದ ವಿಶೇಷ ಇಲ್ಲೈತಿ!" ಎಂದು ವಾಗೀಶ ಶಿರಸ್ತ್ರಾಣದ ಹಣೆಯನ್ನು ಬೆರಳಿನಿಂದ ಕುಟ್ಟಿದ. ಅಲ್ಲಿ ಕಡಲೆಕಾಳಿನಷ್ಟು ದೊಡ್ಡ ಗಾಜಿನ ಕಣ್ಣೊಂದಿತ್ತು. "ಮೊದಲ ಸಲ ಕವಚ ತೊಟ್ಟವರು ಬಾಗಿಲಿಗೆ ಹಾಯ್ತಾರೆ, ಮಕ್ಕಳನ್ನ ತುಳೀತಾರೆ, ಸೆಕೆಗೆ ತಲೆತಿರುಗಿ ಬೀಳ್ತಾರೆ. ಇದರಾಗೆ ಆ ಪ್ರಶ್ನೇನೇ ಇಲ್ಲ. ಎದುರಿಗೆ ಒಂದು ಮೊಳದೊಳಗೆ ಏನಾದ್ರೂ ಕಂಡ್ರೆ ಕವಚ ತಾನಾಗೇ ಒಂದು ಹೆಜ್ಜೆ ಹಿಂದೆ ಇಡತೈತಿ. ಸಾಲದ್ದಕ್ಕೆ ಹೊಸಬರಿಗೆ ಬುದ್ಧಿಮಾತೂ ಹೇಳತೈತಿ!"

ಬಕ್ಕೇಶನಿಗೆ ಮೂರು ಸಾವಿರದ ಇಸವಿಯ ಬಗ್ಗೆ ಯಾವ ಆಸಕ್ತಿಯೂ ಇರಲಿಲ್ಲ. ಬಸ್ ಡಿಪೋದಲ್ಲಿ ಗುಮಾಸ್ತನಾದ ಅವನ ಚಿಂತೆಯೆಲ್ಲ ತನ್ನ ಮನೆಯ ಹಾಲಿನದು, ಅಂದರೆ ಸೋಫಾ ಇಟ್ಟ ಪಡಸಾಲೆಯದು. ವಾಗೀಶ ಬಾಡಿಗೆಗೆ ಹಿಡಿದು ಯಂತ್ರ ತುಂಬಿದ್ದ ಆ ಭಟ್ಟಿಯ ಒಡತಿ ಹಾಲಮ್ಮಜ್ಜಿ ಹೋದ ತಿಂಗಳೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ವಾಗೀಶನ ಮಂಡಕ್ಕಿ ಹುರಿಯುವ ಯಂತ್ರ ಮೂರು ಬೀದಿಗಳ ಮೇಲೆ ಮಂಡಕ್ಕಿಯ ಮಳೆ ಸುರಿಸಿದ್ದೇ ಕೊನೆ, ಇನ್ನೊಂದು ಯಂತ್ರ ಕೆಟ್ಟರೆ ದೀಪಾವಳಿಯೊಳಗೆ ಭಟ್ಟಿ ಖಾಲಿಯಾಗಬೇಕು. ಅದನ್ನು ಕೇಳಿ ಬಕ್ಕೇಶನ ಹೆಂಡತಿ ಶಾಂಭವಿ, "ನಮ್ಮಣ್ಣನ ಸಾಮಾನು ಬೀದಿಗೆ ಬೀಳಾಕೆ ಬಿಡ್ತೀನಾ? ಸೋಫಾ ಮಾರಿದ್ರೆ ಎಲ್ಲಾ ನಮ್ಮ ಹಾಲಿನಾಗೆ ಹಿಡೀತಾವೆ!" ಎಂದು ಘೋಷಿಸಿದ್ದಳು. ಆ ಸೋಫಾ ಬಕ್ಕೇಶ ತಾನೇ ಆರಿಸಿ ತಂದದ್ದು. ಭಾನುವಾರ ಮಧ್ಯಾಹ್ನ ಅವನಿಗೂ ಸ್ವರ್ಗಕ್ಕೂ ಇದ್ದ ಅಂತರ ಆ ಸೋಫಾದ ಉದ್ದದಷ್ಟೇ. ಈ ಯಂತ್ರವಾದರೂ ಕೆಡದೆ ಮೇಳ ಮುಟ್ಟಲಿ ಎಂದೇ ಅವನು ಕೈ ಚಾಚಿ ನಿಂತದ್ದು.

ಕೊನೆಯ ಬೋಲ್ಟು ಬೆನ್ನ ಮೇಲೆ ಬಿಗಿಯಿತು. ವಾಗೀಶ ಬ್ಯಾಟರಿಯ ವೈರು ಸಿಕ್ಕಿಸಿದ. ಬಕ್ಕೇಶನ ಕಿವಿಯ ಬಳಿ ವಾಗೀಶನದೇ ದನಿ ಮೊಳಗಿತು. ಗ್ರಾಂಥಿಕ ಭಾಷೆ, ರೇಡಿಯೋ ವಾರ್ತೆಯ ಗತ್ತು!

"ನಮಸ್ಕಾರ. ಹೊಸ ಕವಚಧಾರಿಗಳಿಗೆ ಸ್ವಾಗತ. ಕವಚ ತೊಡುವ ಮುನ್ನ ತಪ್ಪದೆ ಶೌಚಾಲಯಕ್ಕೆ ಹೋಗಿ ಬರತಕ್ಕದ್ದು."

"ಭಾವ, ಇದನ್ನ ಮೊದ್ಲೇ ಹೇಳಬಾರದಿತ್ತಾ?"

"ವೈರು ಸಿಗಿಸಿದ ಮ್ಯಾಲಲ್ವೇನ್ರಿ ಅದಕ್ಕೆ ಮಾತು ಬರೋದು?"

"ಕನ್ನಡಕ ಇರುವವರು ಶಿರಸ್ತ್ರಾಣದೊಳಗೆ ಮಂಜು ಕಟ್ಟದಂತೆ ಗಾಳಿಕಿಂಡಿ ಮಾಡಿಸಿಕೊಳ್ಳಿ" ಎಂದಿತು ದನಿ. ಅಷ್ಟರಲ್ಲಿ ಬಕ್ಕೇಶನ ಕನ್ನಡಕ ಮಂಜು ಕಟ್ಟಿ ಜಗತ್ತೆಲ್ಲ ಹಾಲಿನಲ್ಲಿ ಅದ್ದಿದ ಹಾಗೆ ಕಾಣುತ್ತಿತ್ತು.

ಆ ಹಾಲಿನ ನಡುವೆಯೇ ಹಾಲಮ್ಮಜ್ಜಿ ಪೂಜೆಯ ತಟ್ಟೆ ಹಿಡಿದು ಬಂದಳು.

"ಏ ವಾಗೀಶ, ಪೂಜೆ ಆಗದ ಯಂತ್ರ ನನ್ನ ಭಟ್ಟಿ ಹೊಸ್ತಿಲು ದಾಟಬಾರದು. ಎಲ್ಲೈತಿ ಅದು?"

"ಇಲ್ಲೇ ಅದೀನಿ ಅಜ್ಜಿ" ಎಂದ ಬಕ್ಕೇಶ ಒಳಗಿನಿಂದ.

"ಯಪ್ಪಾ, ಮಾತಾಡತೈತಿ!"

"ಅಜ್ಜಿ, ಅವರು ನಮ್ಮ ಯಜಮಾನ್ರು" ಎಂದಳು ಅಜ್ಜಿಯ ಹಿಂದೆಯೇ ಬಂದ ಶಾಂಭವಿ.

"ಹಂಗಾ? ಒಳಗಿದ್ರೇನು ಹೊರಗಿದ್ರೇನು, ಹಣೆ ಬರಿದಾಗಿರಬಾರದು." ಹಾಲಮ್ಮಜ್ಜಿ ಸ್ಟೂಲು ಹತ್ತಿದಳು. ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇದು, ಮೂರು ಬೆರಳು ಅದ್ದಿ, ಶಿರಸ್ತ್ರಾಣದ ಹಣೆಯ ಈ ಕೊನೆಯಿಂದ ಆ ಕೊನೆಯವರೆಗೆ ಮೂರು ಪಟ್ಟೆ ಎಳೆದಳು. ಮನೆಯೊಡತಿಯ ಕೈ ಸಣ್ಣದಾಗಬಾರದಲ್ಲ, ಪಟ್ಟೆಗಳು ಸುಣ್ಣ ಬಳಿದಷ್ಟು ದಪ್ಪವಾಗಿದ್ದವು. ವಾಗೀಶ ಆಗ ಕೆಳಗೆ ಕೂತು, ಕವಚದ ಎರಡೂ ಪಾದಗಳ ಮುಂದೆ ತುಳಿಯಲು ನಿಂಬೆಹಣ್ಣು ಇಡುತ್ತಿದ್ದ. ಅವನು ಮೇಲೆ ನೋಡಲಿಲ್ಲ.

"ನಡೀರಿ ಸೈನಿಕರೇ!" ಎಂದು ಗುಂಡಿ ಒತ್ತಿದ.

ಕವಚ "ಗುರ್ರ್" ಎಂದಿತು. ಬಲಗಾಲು ಎತ್ತಿತು. ಹಿಂದೆ ಇಟ್ಟಿತು.

"ಮುಂದೆ ಬರ್ರಿ!" ಎಂದ ವಾಗೀಶ.

"ನಾನೆಲ್ಲಿ ಬರ್ಲಿ? ಅದೇ ಹೊಂಟೈತಿ!"

ಎಡಗಾಲೂ ಹಿಂದಕ್ಕೇ ಹೋಯಿತು. ನಿಂಬೆಹಣ್ಣುಗಳು ಅನಾಥವಾಗಿ ಉಳಿದವು. ಹಾಲಮ್ಮಜ್ಜಿಯ ಮುಖ ಬಾಡಿತು. "ನಿಂಬೆಹಣ್ಣು ತುಳಿಯದೆ ಹಿಂದೆ ಸರೀತಲ್ಲೋ! ಇದು ಒಳ್ಳೇದಲ್ಲ. ಶಾಂಭವಿ, ಹಣ್ಣು ಮುಂದಕ್ಕೆ ಇಡೇ."

ಶಾಂಭವಿ ಓಡಿಬಂದು ಇಟ್ಟಳು. ಕವಚ ಹಿಂದೆ ಸರಿಯಿತು. ಮತ್ತೆ ಇಟ್ಟಳು. ಮತ್ತೆ ಸರಿಯಿತು. ಹೀಗೆ ಹೆಂಡತಿ ನಿಂಬೆಹಣ್ಣು ಹಿಡಿದು ಮುಂದೆ ಬರುವುದು, ಗಂಡ ಹಿಂದೆ ಹಿಂದೆ ಹೋಗುವುದು! ನೋಡಿದವರಿಗೆ ಇದು ಆಯುಧಪೂಜೆಯೋ ಮಾಟವೋ ತಿಳಿಯುವಂತಿರಲಿಲ್ಲ. ಬಕ್ಕೇಶನಿಗಂತೂ ತಾನು ನಿಂತಿದ್ದೇನೋ ನಡೆಯುತ್ತಿದ್ದೇನೋ, ಬಾಗಿಲು ಎದುರಿಗಿದೆಯೋ ಬೆನ್ನಿಗಿದೆಯೋ ಒಂದೂ ಗೊತ್ತಾಗಲಿಲ್ಲ. ದಿಕ್ಕುಗಳೆಲ್ಲ ಸೇರಿ ಅವನ ಸುತ್ತ ಲಗೋರಿ ಆಡುತ್ತಿದ್ದವು.

"ಸದಾ ಒಬ್ಬ ಜೊತೆಗಾರನನ್ನು ಇಟ್ಟುಕೊಳ್ಳಿ. ನಿಮಗೆ ಕಾಣದ್ದು ಅವನಿಗೆ ಕಾಣುತ್ತದೆ" ಎಂದಿತು ದನಿ.

"ಭಾವ, ನಿಮಗೇನು ಕಾಣ್ತೈತಿ?"

"ನನಗೂ ಏನೂ ತಿಳೀತಿಲ್ಲ ಬಕ್ಕೇಶಪ್ಪ! ಎದುರಿಗೆ ಗೋಡೆ ಐತಿ ಅಂತ ಅದು ತಿಳಕಂಡಂಗೈತಿ. ಎದುರಿಗೆ ಶಾಂಭವಿ ಅದಾಳೆ ಅಷ್ಟೇ."

"ಎರಡೂ ಒಂದೇ ಅಂತ ಅದಕ್ಕೆ ಯಾರು ಹೇಳಿದ್ರು?" ಎಂದುಬಿಟ್ಟ ಬಕ್ಕೇಶ.

"ಏನಂದ್ರಿ?" ಎಂದಳು ಶಾಂಭವಿ, ನಿಂಬೆಹಣ್ಣನ್ನು ಕಲ್ಲಿನಂತೆ ಹಿಡಿದು.

ವಾಗೀಶ ಅವಳನ್ನು ಬದಿಗೆ ಎಳೆದ. ಎದುರು ಈಗ ಬರೀ ಗಾಳಿ. ಆದರೂ ಕವಚ ಹಿಂದೆಯೇ ಹೋಯಿತು. ಆಗ ವಾಗೀಶನಿಗೆ ಹೊಳೆಯಿತು. "ಹಿಂದಕ್ಕೇ ಹೋಗೋದಾದ್ರೆ ಹೋಗ್ಲಿ ಬಿಡ್ರಿ! ತಿರುಗಿಸಿ ನಿಲ್ಲಿಸಿದ್ರೆ ಆತು. ಬೆನ್ನು ಬಾಗಿಲ ಕಡೆ ಮಾಡಿದ್ರೆ ಹಿಂದೆ ಹಿಂದೆ ನಡ್ಕೊಂತಾನೇ ಮೇಳಕ್ಕೆ ಹೋಗಬೋದು! ಮೂರು ಸಾವಿರದ ಇಸವಿಯಾಗೆ ಎಲ್ರೂ ಹಿಂಗೇ ನಡೀತಾರೆ ಅಂದ್ರೆ ಯಾರು ಇಲ್ಲ ಅಂತಾರೆ?"

ಅಣ್ಣ ತಂಗಿ ಸೇರಿ ಆ ಭಾರವನ್ನು ತಳ್ಳಿ ತಿರುಗಿಸತೊಡಗಿದರು. ಪೂರಾ ತಿರುಗಿಸಿದ್ದರೆ ಬಾಗಿಲು ಸಿಗುತ್ತಿತ್ತೇನೋ. ಮುಕ್ಕಾಲು ತಿರುಗುವಷ್ಟರಲ್ಲಿ ಶಾಂಭವಿಯ ಕಾಲಡಿಗೆ ಅವಳೇ ಇಟ್ಟ ನಿಂಬೆಹಣ್ಣು ಬಂತು. ಅವಳು ಜಾರಿ ಕೂತಳು. ಕೈ ತಪ್ಪಿದ ಕವಚ ತಾನು ಹಿಡಿದ ದಿಕ್ಕಿಗೇ ಹೊರಟಿತು. ಆ ದಿಕ್ಕಿನಲ್ಲಿ ಭಟ್ಟಿಯ ಹೆಂಚಿನ ಮಾಡನ್ನು ಹೊತ್ತ ಇಟ್ಟಿಗೆಯ ಕಂಬವಿತ್ತು.

"ಬಕ್ಕೇಶಪ್ಪ, ನಿಲ್ರಿ! ಕಂಬ! ಕಂಬ!"

"ನಿಲ್ಲಾಕೆ ಯಾವ ಗುಂಡಿ?"

"ನಿಲ್ಲೋ ಗುಂಡಿ ಇಟ್ಟಿಲ್ರೀ!"

"ಯಾಕೆ?"

"ನಡೆಯೋದೇ ಕಷ್ಟ ಅಂದ್ಕಂಡಿದ್ದೆ!"

ಐವತ್ತು ವರ್ಷ ಮಂಡಕ್ಕಿಯ ಹೊಗೆ ಕುಡಿದು ಒಳಗೊಳಗೇ ಪುಡಿಯಾಗಿದ್ದ ಕಂಬ ಅದು. ಕವಚದ ಬೆನ್ನು ತಾಗಿದ್ದೇ ತಡ, ಹುಳುಕು ಹಲ್ಲುಗಳ ಹಾಗೆ ಇಟ್ಟಿಗೆಗಳು ಒಂದೊಂದಾಗಿ ಉದುರಿದವು. ಭಟ್ಟಿಯ ಮಾಡು ಮೊದಲೇ ತಗ್ಗು. ಮೇಲಿನ ತೊಲೆ "ಕಿರ್ರ್" ಎಂದು ಗೇಣುದ್ದ ಇಳಿದು, ಕವಚದ ಎರಡೂ ಭುಜಗಳ ಕಬ್ಬಿಣದ ಮೇಲೆ ಬಂದು ಕೂತಿತು. ಧೂಳು, ಮಸಿ, ಹಳೆಯ ಮಂಡಕ್ಕಿ ಎಲ್ಲವೂ ಮೇಲಿನಿಂದ ಸುರಿದವು. ಹಾಲಮ್ಮಜ್ಜಿ "ಶಿವ ಶಿವಾ!" ಎಂದು ಕಣ್ಣು ಮುಚ್ಚಿದಳು.

ಬಕ್ಕೇಶನೂ ಒಳಗೆ ಕಣ್ಣು ಮುಚ್ಚಿದ್ದ. ಅವನ ಮನಸ್ಸಿಗೆ ಬಂದದ್ದು ಪ್ರಾಣವಲ್ಲ, ಸೋಫಾ. ಮುಗಿಯಿತು, ಇನ್ನು ನನ್ನ ಹಾಲಿನಲ್ಲಿ ಮಂಡಕ್ಕಿ ಯಂತ್ರದ ಪಕ್ಕ ಚಾಪೆಯೇ ಗತಿ ಎಂದುಕೊಂಡ.

"ಮೇಲಿನಿಂದ ಭಾರ ಬಿದ್ದಿದೆ" ಎಂದಿತು ದನಿ, ಕಿಂಚಿತ್ತೂ ಗಾಬರಿಯಿಲ್ಲದೆ. "ಹೊಸಬರು ಹೆದರಬಾರದು. ಕವಚ ನೆಟ್ಟಗೆ ನಿಲ್ಲುತ್ತದೆ."

ಲಾರಿ ಜಾಕುಗಳು "ಕ್ರೀಂ ಕ್ರೀಂ" ಎಂದು ಏಳತೊಡಗಿದವು. ಸೊಂಟ ಏರಿತು, ಭುಜ ಏರಿತು, ಭುಜದ ಜೊತೆ ತೊಲೆಯೂ ಏರಿತು. ತೊಲೆ ಮೊದಲಿದ್ದ ಜಾಗ ಮುಟ್ಟಿದ ಮೇಲೆ ಜಾಕುಗಳು ಬಿಗಿದು ನಿಂತವು. ಭಾರಕ್ಕೆ ಪಾದಗಳು ನೆಲ ಬಿಡಲಿಲ್ಲ. ಬೆಳಗಿನಿಂದ ಮೊದಲ ಸಲ ಕವಚ ನಿಂತಲ್ಲೇ ನಿಂತಿತು.

ಧೂಳು ಅಡಗಿದ ಮೇಲೆ ವಾಗೀಶ ಸ್ಟೂಲು ಹತ್ತಿ ಶಿರಸ್ತ್ರಾಣವನ್ನು ಹತ್ತಿರದಿಂದ ನೋಡಿದ. ಮೂರು ದಪ್ಪ ಪಟ್ಟೆಗಳು. ನಡುವಿನ ಪಟ್ಟೆಯಡಿ ಗಾಜಿನ ಕಣ್ಣು ಪೂರ್ತಿ ಮುಚ್ಚಿಹೋಗಿತ್ತು! ಕಣ್ಣಿಗಂಟಿದ ವಿಭೂತಿಯನ್ನೇ ಅದು ಇಷ್ಟು ಹೊತ್ತೂ ಗೋಡೆ ಎಂದುಕೊಂಡು ಹಿಂದೆ ಸರಿದಿತ್ತು. ವಾಗೀಶ ಟವೆಲು ತೆಗೆದು ಒರೆಸಲು ಕೈ ಎತ್ತಿದ.

"ಮುಟ್ಟಿದ್ರೆ ನೋಡು!" ಹಾಲಮ್ಮಜ್ಜಿ ಗುಡುಗಿದಳು. "ನನ್ನ ಕಂಬ ಬಿದ್ರೂ ಮಾಡು ಬೀಳಲಿಲ್ಲ. ಯಾತರಿಂದ ಹೇಳು? ನಾ ಹಚ್ಚಿದ ವಿಭೂತಿಯಿಂದ!"

ವಾಗೀಶ ಬಾಯಿ ತೆರೆದ. ನಿಮ್ಮ ಕಂಬ ಬೀಳಿಸಿದ್ದೇ ಆ ವಿಭೂತಿ ಎನ್ನುವ ವೈಜ್ಞಾನಿಕ ಸತ್ಯ ಅವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕವಚದೊಳಗಿನಿಂದ ಬಕ್ಕೇಶ ಅರಚಿದ.

"ಹೌದಜ್ಜಿ! ವಿಭೂತಿಯಿಂದಾನೇ! ಭಾವ, ಬಾಯಿ ಮುಚ್ಚಿ ಬೋಲ್ಟು ಬಿಚ್ಚಿರಿ!"

ವಾಗೀಶ ಬೆನ್ನ ಬೋಲ್ಟುಗಳನ್ನು ಬಿಚ್ಚಿದ. ಬೆಣ್ಣೆ ದೋಸೆಯ ಹೊಟ್ಟೆ ಮಾತ್ರ ಚೌಕಟ್ಟಿನಿಂದ ಹೊರಬರಲಿಲ್ಲ. "ಅಳತೆ ಕೊಡುವ ದಿನ ಹೊಟ್ಟೆ ತುಂಬ ಉಂಡೇ ಕೊಡಿ" ಎಂದಿತು ದನಿ. ಶಾಂಭವಿ ಪೂಜೆಯ ದೀಪದ ಎಣ್ಣೆಯನ್ನೆಲ್ಲ ಗಂಡನ ಸೊಂಟದ ಸುತ್ತ ಸುರಿದು, ಕಾಲು ಹಿಡಿದು ಜಗ್ಗಿದಳು. ಅವನು ಹಲಸಿನ ತೊಳೆಯಂತೆ ಜಾರಿ ಹೊರಬಿದ್ದ. ಬಿದ್ದವನು ಎದ್ದು, ಯಾರ ಮುಖವನ್ನೂ ನೋಡದೆ, ಎಣ್ಣೆ ಸುರಿಸುತ್ತ ಪಕ್ಕದ ಮನೆಯ ಶೌಚಾಲಯಕ್ಕೆ ಓಡಿದ.

ಬಂದು ನೋಡುತ್ತಾನೆ, ಹಾಲಮ್ಮಜ್ಜಿ ಕವಚದ ಪಾದದ ಬಳಿ ಕಾಯಿ ಒಡೆದು ಕೂತಿದ್ದಾಳೆ.

"ಅಜ್ಜಿ, ದೀಪಾವಳಿಯೊಳಗೆ ಖಾಲಿ ಮಾಡಬೇಕಂತಿದ್ರಲ್ಲ..." ಎಂದ ಬಕ್ಕೇಶ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ.

"ಯಾರು ಖಾಲಿ ಮಾಡೋರು? ಈ ಸೈನಿಕ ಹೋದ್ರೆ ನನ್ನ ಮಾಡು ಯಾರು ಹೊರತಾರೆ, ನೀ ಹೊರತೀಯಾ? ಇವತ್ತಿಂದ ವಾಗೀಶ ಈ ಭಟ್ಟಿ ಬಿಟ್ಟು ಹೋಗಂಗಿಲ್ಲ. ಅವನ ಮಿಕ್ಕ ಯಂತ್ರಾನೂ ಇಲ್ಲೇ ಇರಬೇಕು!"

ಹೀಗೆ ಮೂರು ಸಾವಿರದ ಇಸವಿಯ ಸೈನಿಕ ಮೇಳಕ್ಕೆ ಹೋಗಲಿಲ್ಲ. ಗಾರೆಯವರು ಬಂದು ಹೊಸ ಕಂಬ ಕಟ್ಟುತ್ತೇವೆಂದರೂ ಹಾಲಮ್ಮಜ್ಜಿ ಒಪ್ಪಲಿಲ್ಲ. ಸೋಮವಾರ ಸೋಮವಾರ ಅವಳು ಸ್ಟೂಲು ಹತ್ತಿ ಹಣೆಯ ಪಟ್ಟೆಗಳನ್ನು ಹೊಸದು ಮಾಡುತ್ತಾಳೆ. ಮುಂದೆಂದಾದರೂ ಕವಚ ಕಟ್ಟುವವರಿಗೆ ತನ್ನ ಸಲಹೆ ಒಂದೇ ಎನ್ನುತ್ತಾನೆ ಬಕ್ಕೇಶ: ಕಣ್ಣನ್ನು ಹಣೆಯಲ್ಲಿ ಮಾತ್ರ ಇಡಬೇಡಿ.

ಹೋದ ವಾರ ಪಕ್ಕದ ಓಣಿಯ ಎಂಜಿನಿಯರೊಬ್ಬರು ಕವಚ ನಿಜಕ್ಕೂ ಮಾಡು ಹೊತ್ತಿದೆಯೇ ಎಂದು ನೋಡಲು ಬಂದು, ಎರಡು ಜಾಕುಗಳಿಗೂ ಮಾಪಕ ಸಿಕ್ಕಿಸಿ, ಕವಚದ ಹೆಗಲ ಮೇಲಿನ ಭಾರವನ್ನು ಅಳೆದರು. ನಾನೂರ ಹನ್ನೆರಡು ಕಿಲೋ.