ಶಫೀವುಲ್ಲಾನ ಸ್ವಂತ ಸಿಟ್ಟು

ಎಲ್ಲ ಶುರುವಾದದ್ದು ಮಂಡ್ಯದ ಡಾಕ್ಟರಮ್ಮನ ಒಂದೇ ಮಾತಿನಿಂದ. ಶಫೀವುಲ್ಲಾನ ಫಿಟ್ಸ್‌ಗೆ ಹಳೆಯ ಮಾತ್ರೆ ಬದಲಿಸಿ ಲೆವೆಟಿರಸೆಟಮ್ ಅನ್ನುವುದನ್ನು ಬರೆದುಕೊಟ್ಟ ಆಕೆ, "ಇದರಿಂದ ಕೆಲವರಿಗೆ ಸಿಟ್ಟು ಜಾಸ್ತಿಯಾಗುತ್ತೆ, ಸ್ವಲ್ಪ ಗಮನಿಸ್ತಾ ಇರಿ" ಎಂದು ಅವನ ಹೆಂಡತಿ ಸುಲ್ತಾನ್ ಬೀಗೆ ಹೇಳಿದರು. ಮಂಡ್ಯದಲ್ಲಿ ಬಸ್ಸು ಹತ್ತಿದ ಸುಲ್ತಾನ್ ಬೀ ಮದ್ದೂರಿನಲ್ಲಿ ಇಳಿಯುವಷ್ಟರಲ್ಲಿ ಫೋನಿನಲ್ಲೇ ಅರ್ಧ ಬೀದಿಗೆ ಸುದ್ದಿ ಮುಟ್ಟಿಸಿದ್ದಳು. ಉಳಿದರ್ಧ ಬೀದಿಯನ್ನು ಎದುರಿನ ಟೀ ಅಂಗಡಿ ಬೋರಯ್ಯ ನೋಡಿಕೊಂಡ.

ಶಫೀವುಲ್ಲಾ ಮೋಟರ್ ವೈಂಡಿಂಗ್ ಮಾಡುವವನು. ಸುತ್ತಲ ಹಳ್ಳಿಗಳಲ್ಲಿ ಪಂಪ್‌ಸೆಟ್ ಸುಟ್ಟರೆ ಅವನ ಅಂಗಡಿಗೇ ಬರಬೇಕು. ಪುಣ್ಯಾತ್ಮ, ತನ್ನ ಕಾಲು ತುಳಿದವನ ಹತ್ತಿರ ತಾನೇ ಸಾರಿ ಕೇಳುವ ಪೈಕಿ.

ಮಾತ್ರೆ ಶುರುವಾಗಿ ಕೆಲವು ದಿನವಾಗಿತ್ತು. ಅವತ್ತು ಬೆಳಿಗ್ಗೆ ಅವನ ಭಾಮೈದ ಅಶ್ಫಾಕ್ ಬಡಗಿಯೊಬ್ಬನನ್ನು ಕರೆತಂದು ಅಂಗಡಿಯ ಮುಂಭಾಗ ಅಳೆಯತೊಡಗಿದ. ಅಲ್ಲಿ ಕಬಾಬ್ ಅಂಗಡಿ ಇಡುತ್ತಾನಂತೆ, ಭಾವ ಹಿಂದಕ್ಕೆ ಸರಿದುಕೊಂಡರೆ ಆಯಿತಂತೆ. ಹಿಂದೆ ಹಗಲಲ್ಲೂ ಗವ್ವೆನ್ನುವ ಕತ್ತಲು. ಕೂದಲೆಳೆಯಂಥ ತಾಮ್ರದ ತಂತಿಯನ್ನು ಅಲ್ಲಿ ಕೂತು ಸುತ್ತಲು ಗೂಬೆಯ ಕಣ್ಣು ಬೇಕು. ಮುಂಭಾಗ ಹೋದರೆ ಶಫೀವುಲ್ಲಾನ ಕಸುಬೇ ಹೋದ ಹಾಗೆ.

"ಆಗಲ್ಲ ಅಶ್ಫಾಕ್. ಜಾಗ ಕೊಡಲ್ಲ," ಎಂದ, ಜನ್ಮದಲ್ಲಿ ಮೊದಲ ಸಲ.

ಅಶ್ಫಾಕ್‌ಗೆ ಬೇಜಾರೇನೂ ಆಗಲಿಲ್ಲ. ಭಾವನನ್ನು ಮರುಕದಿಂದ ನೋಡಿ, ಅಂಗಡಿಗೆ ಅಂಟಿಕೊಂಡಿದ್ದ ಮನೆಯೊಳಗಿನಿಂದ ಅಕ್ಕನನ್ನು ಕರೆದ. "ಆಪಾ, ಭಾಯಿಗೆ ಸುರುವಾಯ್ತು. ನೀರ್ ತಕಂಬಾ."

ಸುಲ್ತಾನ್ ಬೀ ನೀರು ಕುಡಿಸಿ ಗಂಡನ ಹಣೆ ಸವರಿದಳು. "ಮಾತಾಡ್ತಿರೋದು ನೀವಲ್ಲ ಕಣ್ರೀ, ಮಾತ್ರೆ. ಸುಮ್ಕಿರಿ."

ಅವನು ಜಾಗ ಕೊಡಲ್ಲವೆಂಬ ಮಾತನ್ನೇ ಮೆತ್ತಗೆ, ನಗುನಗುತ್ತಾ ಇನ್ನೊಮ್ಮೆ ಹೇಳಿದ. ಅಷ್ಟರಲ್ಲಿ ಬೋರಯ್ಯ ರಸ್ತೆ ದಾಟಿ ಬಂದಿದ್ದ.

"ಸಿಟ್ಟ ಒಳಗೇ ನುಂಗ್ಕತಾವ್ನೆ ಕಣ್ಲಾ ಅಶ್ಫಾಕು. ಅದು ಇನ್ನೂ ಡೇಂಜರು," ಎಂದು ಅವನಿಗೆ ಟೀ ನಿಲ್ಲಿಸಿ, ತಂಪಾಗಲೆಂದು ಮಜ್ಜಿಗೆ ತರಿಸಿದ.

ಮೋಟರ್ ಇನ್ನೂ ಆಗಲಿಲ್ಲವೇ ಎಂದು ದಿನಾ ಫೋನಿನಲ್ಲಿ ಪ್ರಾಣ ಹಿಂಡುತ್ತಿದ್ದ ಕೆರಗೋಡಿನ ಮಹದೇವು ಆಗಲೇ ಬಂದ. ವಿಷಯ ತಿಳಿದದ್ದೇ ಮಾರು ದೂರದಲ್ಲಿ ನಿಂತ. ಹಗ್ಗ ಹರಿದುಕೊಂಡ ಹೋರಿಯನ್ನು ರಮಿಸುವವನಂತೆ, "ನಿದಾನಕ್ಕೇ ಮಾಡಣ್ಣ, ಗದ್ದೆ ಒಣಗುದ್ರೆ ಒಣಗ್ಲಿ," ಎಂದು ಬಂದ ದಾರಿ ಹಿಡಿದ.

"ಎಲ್ಡ್ ದಿನ ಮಾತ್ರೆ ಬುಟ್ಬುಡ್ಲಾ ಸಫೀ, ಸಿಟ್ಟು ತಾನಾಗೇ ಇಳೀತದೆ," ಎಂದ ಬೋರಯ್ಯ.

"ಓದ್ವರ್ಸ ನಿನ್ ಮಾತ್ ಕೇಳಿ ಬುಟ್ಟೇ ಅಲ್ವಾ ನಿನ್ ಅಂಗ್ಡಿ ಮುಂದೆ ಬಿದ್ದು ಹಲ್ ಮುರ್ಕಂಡಿದ್ದು? ಡಾಕ್ಟ್ರು ಏಳ್ದೆ ಒಂದೊತ್ತೂ ಬುಡಲ್ಲ," ಎಂದ ಶಫೀವುಲ್ಲಾ. ದನಿ ಕೊಂಚ ಏರಿತು.

ಇಷ್ಟು ಸಾಕಾಯಿತು. ಅಕ್ಕತಮ್ಮ ಇಬ್ಬರೂ ಸೇರಿ ಅವನನ್ನು ಮಂಡ್ಯದ ಬಸ್ಸು ಹತ್ತಿಸಿದರು. "ಇವರನ್ನ ಚಿಲ್ರೆ ಕೇಳ್ಬ್ಯಾಡಿ, ಸಿಟ್ಟಿನ ಮಾತ್ರೆ ನಡೀತಾದೆ," ಎಂದು ಸುಲ್ತಾನ್ ಬೀ ಕಂಡಕ್ಟರಿಗೆ ಪಿಸುಗುಟ್ಟಿದ್ದು ಇಡೀ ಬಸ್ಸಿಗೆ ಕೇಳಿಸಿತು. ದಾರಿಯುದ್ದಕ್ಕೂ ಅವನ ಪಕ್ಕ ಯಾರೂ ಕೂರಲಿಲ್ಲ. ಅವನು ಬಾಯಿ ಬಿಟ್ಟರೆ ತಾನೇ ಕೇಡು ಎಂದು ತುಟಿ ಬಿಗಿದು ಕುಳಿತ.

ಡಾಕ್ಟರ್ ಪ್ರಿಯಂವದಾ ಸಮಾಧಾನದಿಂದಲೇ ಕೇಳಿದರು. "ಸಿಟ್ಟು ಬರ್ತಾ ಇದೆಯಾ?"

"ಬತ್ತದೆ ಮೇಡಂ. ಆದ್ರೆ ಅದು ಮಾತ್ರೇದಲ್ಲ, ನಂದೇ."

"ದಿನಾ ಇಂಗೇ ಆಡ್ತಾರೆ ಮೇಡಂ," ಎಂದು ಅಶ್ಫಾಕ್ ನಿಟ್ಟುಸಿರಿಟ್ಟ.

ಶಫೀವುಲ್ಲಾ ಮೇಜು ಗುದ್ದಿದ. ಪೆನ್ನು ಸ್ಟ್ಯಾಂಡು ಉರುಳಿತು.

ಡಾಕ್ಟರ್ ಪೆನ್ನುಗಳನ್ನು ಎತ್ತಿಟ್ಟುಕೊಂಡು, ಅದರಲ್ಲೊಂದರಿಂದ ಬೇರೆ ಮಾತ್ರೆ ಬರೆದರು. "ಈಗ ತಗೊಳ್ತಿರೋದನ್ನ ತಟ್ಟಂತ ನಿಲ್ಲಿಸೋ ಹಾಗಿಲ್ಲ, ಫಿಟ್ಸ್ ಜೋರಾಗಿ ಬರುತ್ತೆ. ಅದನ್ನ ನಿಧಾನಕ್ಕೆ ಇಳಿಸ್ತಾ ಇದನ್ನ ಏರಿಸೋಣ. ಅಲ್ಲೀವರೆಗೂ ಎರಡೂ ಬೇಕು. ನೀರು ಚೆನ್ನಾಗಿ ಕುಡೀರಿ. ಇದರಲ್ಲಿ ಕೆಲವರಿಗೆ ಸ್ವಲ್ಪ ಮರೆವು ಬರಬಹುದು, ಬಂದ್ರೆ ತಿಳಿಸಿ."

ಅಶ್ಫಾಕ್ ಆ ಕೊನೆಯ ಮಾತನ್ನು ಇನ್ನೊಂದು ಸಲ ಹೇಳಿಸಿಕೊಂಡ.

ವಾಪಸು ಹೊರಟಾಗ ಶಫೀವುಲ್ಲಾನಿಗೆ ಎದೆಯ ಭಾರ ಇಳಿದಂತಾಗಿತ್ತು. ಸಿಟ್ಟಿನ ಮಾತ್ರೆ ಹೋದ ಮೇಲೆ ತನ್ನ ಮಾತು ತನ್ನದೇ ಆಗುತ್ತದಲ್ಲ ಎಂದು ಸಂತೋಷಪಟ್ಟ. ಬಸ್ ಸ್ಟ್ಯಾಂಡಿನಲ್ಲಿ ಅಶ್ಫಾಕ್ ಅವನ ಹೆಗಲ ಮೇಲೆ ಕೈ ಹಾಕಿದ.

"ನಾಳೆ ಬೆಳಿಗ್ಗೆ ಬಡಗಿ ಬತ್ತಾನೆ ಭಾಯಿ. ಬರೋವಾಗ ಬಸ್ಸಲ್ಲಿ ನೀವೇ ಒಪ್ಕಂಡ್ರಲ್ಲ, ಮುಂದ್ಗಡೆ ನೀನೇ ಇಟ್ಕೋ ಅಂತ."

"ನಾನ್ಯಾವಾಗ ಅಂದೆ?"

ಸುಲ್ತಾನ್ ಬೀ ನಿಂತಲ್ಲೇ ನಿಂತಳು. ಆಗ ತಾನೇ ಕೊಂಡ ಮಾತ್ರೆಯ ಪೊಟ್ಟಣ ಅವಳ ಕೈಯಲ್ಲಿತ್ತು. ಅದನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ಕಣ್ತುಂಬಿಕೊಂಡಳು.

"ಇನ್ನೂ ಒಂದೂ ನುಂಗಿಲ್ವಲ್ರೀ," ಎಂದಳು, "ಆಗ್ಲೇ ಸುರುವಾಯ್ತಲ್ಲ."