ಸಣಬು ಸುತ್ತಿದ ಫ್ರೀವೀಲು

ಸೈಕಲ್ ಅಂಗಡಿ ಇಟ್ಟ ಬಾಮೈದನಿದ್ದರೆ ಗಂಡಸಿಗೆ ಮನೆಯಲ್ಲಿ ಮರ್ಯಾದೆ ಉಳಿಯುವುದು ಕಷ್ಟ. ನನ್ನ ಸೈಕಲ್ಲಿನ ಫ್ರೀವೀಲಿನ ಹಲ್ಲು ಸವೆದು ಚೈನು ಜಾರತೊಡಗಿದ ದಿನದಿಂದ ನನ್ನಾಕೆ ಚನ್ನಮಲ್ಲಮ್ಮನದು ಒಂದೇ ಜಪ: "ಕೊಳಾಲಕ್ಕೆ ಕಳ್ಸಿ ಅಂದ್ರೆ ಕೇಳಲ್ಲ. ನಮ್ ಕಾಡಸಿದ್ದ ಒಂದ್ ಗಳಿಗೇಲಿ ಬೇರೆ ಹಾಕ್ಕೊಡ್ತಾನೆ."

ನಾನು ಯಾವ ಗುರುವಿನ ಹಂಗೂ ಇಲ್ಲದೆ ಪಂಪ್‌ಸೆಟ್ಟು, ರೇಡಿಯೋ, ಗೋಡೆ ಗಡಿಯಾರ ಎಲ್ಲವನ್ನೂ ಬಿಚ್ಚಿದವನು. (ಮತ್ತೆ ಜೋಡಿಸಿದ್ದರ ಮಾತು ಇಲ್ಲಿ ಬೇಡ.) ಸಿರಾದ ಗುಜರಿಯಲ್ಲಿ ಕೆದಕಿ ಯಾವುದೋ ಫಾರಿನ್ ಸೈಕಲ್ಲಿನ ಫ್ರೀವೀಲು ತಂದೆ. ನಮ್ಮದಕ್ಕಿಂತ ಎರಡು ಹಲ್ಲು ಕಡಿಮೆ; ಅಂದರೆ ಒಂದು ತುಳಿತಕ್ಕೆ ಹೆಚ್ಚು ದಾರಿ. ಆದರೆ ಹಿಂದಿನ ಚಕ್ರದ ಹಬ್ಬಿಗೆ ತಿರುಗಿಸಿ ಕೂರಿಸಹೋದರೆ ಅದರ ತ್ರೆಡ್ಡಿಗೂ, ಅಂದರೆ ಒಳಗಿನ ತಿರುಪಿನ ಗೆರೆಗೂ, ನಮ್ಮ ತ್ರೆಡ್ಡಿಗೂ ಕೂದಲೆಳೆಯಷ್ಟು ಅಂತರ. ಲೊಡಲೊಡ ಅಂದಿತು. ನನ್ನ ಪ್ರತಿಭೆ ಜಾಗೃತವಾದದ್ದೇ ಆಗ. ನೀರಿನ ಪೈಪಿಗೆ ಮಾಡುವಂತೆ ಸಣಬು ಸುತ್ತಿ, ಬಿಳಿ ಬಣ್ಣ ಬಳಿದು ಬಿಗಿದುಬಿಟ್ಟೆ.

"ಅದೇನು ನಲ್ಲೀನಾ?" ಅಂದಳು.

"ಸೋರಲ್ಲ, ಬಾ ಕೂತ್ಕೋ."

ಅಂದು ಶುಕ್ರವಾರ, ಕೊಳಾಲದಲ್ಲಿ ಅವಳ ತಂಗಿಯ ನಿಶ್ಚಿತಾರ್ಥ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಅಕ್ಕನಾದವಳು ಹೋಗಿ ಮಡಿಲು ತುಂಬಬೇಕು. ನನ್ನ ಮಾತು ನಂಬಿ ಪಾಪ, ಬಸ್ಸು ಬಿಟ್ಟಿದ್ದಳು.

ಊರು ಬಿಟ್ಟರೆ ಇಳಿಜಾರು. ಪೆಡಲು ತುಳಿಯದೆಯೇ ಗಾಳಿಯಂತೆ ಸಾಗಿದೆವು. ಸಮದಾರಿ ಬಂತು, ತುಳಿದೆ. ಮೊದಲೆರಡು ತುಳಿತ ಬಿಗಿ, ಆಮೇಲೆ ಹತ್ತಿಯಷ್ಟು ಹಗುರ.

"ನೋಡ್ದಾ? ಕಾಲಿಗೆ ಶ್ರಮಾನೇ ಇಲ್ಲ."

"ಅಲ್ಲಾ, ಹಿಂದೆ ಚಕ್ರದಿಂದ ಯಾರದ್ದೋ ಗಡ್ಡ ಉದುರ್ತಾ ಐತಲ್ರೀ."

"ಹೊಸದು, ಒಗ್ಗಿಕೊಳ್ತಾ ಐತೆ. ನೀನು ಅಲ್ಲಾಡ್ಬ್ಯಾಡ."

"ನಾನೆಲ್ಲಿ ಅಲ್ಲಾಡ್ತಿದೀನಿ? ಸೈಕಲ್ಲೂ ಅಲ್ಲಾಡ್ತಿಲ್ಲ. ನಿಂತೋಗೈತೆ."

ನಿಜ. ತ್ರೆಡ್ಡು ಬೋಳಾಗಿ ಫ್ರೀವೀಲು ತನ್ನ ಪಾಡಿಗೆ ಸುತ್ತುತ್ತಿತ್ತು, ಚಕ್ರ ತನ್ನ ಪಾಡಿಗೆ ವಿಶ್ರಮಿಸುತ್ತಿತ್ತು. ಚನ್ನಮಲ್ಲಮ್ಮ ಮಡಿಲಕ್ಕಿಯ ಗಂಟು ಹಿಡಿದು ಕಲ್ಲಿನ ಮೇಲೆ ಕೂತಳು. "ನಮ್ಮವ್ವಂಗೆ ಏನಂತ ಹೇಳ್ಲಿ?" ಅಂದವಳ ಕಣ್ಣು ತುಂಬಿದಾಗ ನನ್ನ ಸ್ವಯಂಪಾಂಡಿತ್ಯ ಕುಕ್ಕರಿಸಿ ಉದುರಿದ ಸಣಬು ಆಯತೊಡಗಿತು.

ಅಕ್ಕ ಬರಲಿಲ್ಲವಲ್ಲ ಎಂದು ಹುಡುಕಿಕೊಂಡು ಕಾಡಸಿದ್ದನೇ ಸೈಕಲ್ ತುಳಿದು ಬಂದ. ನನ್ನ ಚಕ್ರ ನೋಡಿದ, ಸಣಬು ನೋಡಿದ, ನನ್ನ ಮುಖ ಮಾತ್ರ ನೋಡಲಿಲ್ಲ. "ಟೇಮಾಯ್ತು ಭಾವ, ಹತ್ತಿ," ಅಂತ ನನ್ನ ಹ್ಯಾಂಡಲ್ಲಿಗೆ ಹಗ್ಗ ಕಟ್ಟಿ, ಅಕ್ಕನನ್ನು ತನ್ನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಎಳೆದುಕೊಂಡು ಹೊರಟ.

ಕೊಳಾಲದ ಬೀದಿಯ ತುಂಬ ಬೀಗರು. ನಾನು ಮಾನಕ್ಕಂಜಿ ಬೆನ್ನು ನೆಟ್ಟಗೆ ಮಾಡಿ ಖಾಲಿ ಪೆಡಲನ್ನು ಗಂಭೀರವಾಗಿ ತುಳಿಯುತ್ತ ಒಳಬಂದೆ. ರಾಹುಕಾಲಕ್ಕೆ ಮೊದಲೇ ಮಡಿಲು ತುಂಬಿದ್ದಾಯಿತು. ಕಣ್ಣು ಮಂಜಾದ ಅತ್ತೆ ದಾಕ್ಷಾಯಣಮ್ಮ ಹೆಮ್ಮೆಯಿಂದ ಬೀಗರಿಗೆ ಹೇಳಿದರು: "ನಮ್ ಅಳಿಯಂದಿರು ಅಷ್ಟು ದೂರದಿಂದ ಒಂದ್ ಹನಿ ಬೆವರಿಲ್ದೆ ತುಳ್ಕೊಂಡ್ ಬಂದವ್ರೆ. ಊಟ ಆದ್ಮೇಲೆ ನಿಮ್ಮಜ್ಜೀನ ಅವರೇ ಕೂರಿಸ್ಕೊಂಡೋಗಿ ಊರಿಗೆ ಬಿಡ್ತಾರೆ."

ಬೀಗರ ಅಜ್ಜಿಯ ಗಾತ್ರ ನೋಡಿದೆ. ಮಾತು ತಪ್ಪಿಸು ಎಂದು ಚನ್ನಮಲ್ಲಮ್ಮನ ಕಡೆ ಕಣ್ಣಲ್ಲೇ ಬೇಡಿಕೊಂಡೆ.

"ಅದಕ್ಕೇನವ್ವ, ಬಿಡ್ತಾರೆ," ಅಂದಳು ಅವಳು. "ಹಗ್ಗ ಗಟ್ಟಿ ಐತೆ."